ಸನ್ನದು ಸಿಕ್ಕ ಮೇಲೆ ಓದು ಬೇಡವೆ?

ಲೋಣಾವಳಾ ಎಂದೊಡನೆ ನಮ್ಮ ಹೊರನಾಡ ಕನ್ನಡಿಗರಿಗೆ ನೆನಪಾಗುವುದು ಚಿಕ್ಕಿ, ಮಳೆಗಾಲದ ಮಂಜು, ಭುಶಿ ಅಣೆಕಟ್ಟಿನ ಮೆಟ್ಟಿಲುಗಳ ಮೇಲೆ ಜಿಗಿಯುವ ನೀರು, ಮುಂಬಯಿಗೆ ಹೋಗುವ ರೈಲು ಘಟ್ಟ ಇಳಿಯುವ ಮುನ್ನ ನಿಲ್ಲುವ ಆ ನಾಲ್ಕು ನಿಮಿಷ. ಈ ಊರಿನಲ್ಲಿ ಮೂರು ದಶಕಗಳಿಗೂ ಮಿಕ್ಕಿ ವಾಸವಾಗಿರುವ ನನಗೆ ಮೊದಲು ನೆನಪಾಗುವುದು ಇವಾವುವೂ ಅಲ್ಲ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟ ಲಾರಿ, ಆಸ್ಪತ್ರೆಯ ಪಡಸಾಲೆಯಲ್ಲಿ ಕುಪ್ಪಳಿಸಿ ಕುಳಿತ ಹೆಂಗಸರು, ಅವರ ಸೆರಗಿನ ಗಂಟಿನಲ್ಲಿ ಮಡಚಿಟ್ಟ ಮರಾಠಿ ಪಂಚನಾಮೆಯ ಪ್ರತಿ. ನಾನು ವಕೀಲ. ಅಪಘಾತ ಪರಿಹಾರದ ಖಟ್ಲೆಗಳೇ ನನ್ನ ಅನ್ನ. ಆದಕಾರಣ ಈ ಲೇಖನದಲ್ಲಿ ನಾನು ಆಡುವ ಕಟುವಾದ ಮಾತುಗಳು ಪರರ ಮೇಲೆ ಎಸೆದ ಕಲ್ಲುಗಳೆಂದು ಯಾರೂ ಭಾವಿಸಬಾರದು. ಮೊದಲ ಕಲ್ಲು ನನ್ನ ಮನೆಯ ಹಂಚಿನ ಮೇಲೆಯೇ ಬೀಳುತ್ತದೆ.

ನನ್ನ ಪ್ರತಿಪಾದನೆ ಇಷ್ಟೆ: ಅಪಘಾತದಲ್ಲಿ ಕೈಕಾಲು ಕಳೆದುಕೊಂಡವರ, ದುಡಿಯುವ ಮಗನನ್ನು ಕಳೆದುಕೊಂಡವರ ಪರವಾಗಿ ವಕಾಲತ್ತು ವಹಿಸುವ ನ್ಯಾಯವಾದಿಗಳಿಗೆ ಸನ್ನದು ಪಡೆದ ಮೇಲೆಯೂ ನಿರಂತರ ಶಿಕ್ಷಣವನ್ನು ಕಡ್ಡಾಯ ಮಾಡಬೇಕು. ಓದದ ವಕೀಲನು ಕಳೆಯುವುದು ತನ್ನ ಹಣವನ್ನಲ್ಲ, ಕಕ್ಷಿದಾರನ ಕಾಲಿನ ಬೆಲೆಯನ್ನು. ಆ ಕಕ್ಷಿದಾರನು ಪರನಾಡಿನಲ್ಲಿರುವ ಕನ್ನಡಿಗನಾದರೆ ಅವನ ನಷ್ಟ ಇಮ್ಮಡಿ. ಈ ಮಾತನ್ನು ವಾದದಿಂದ ಸಾಧಿಸುವ ಮುನ್ನ ನನ್ನ ತಪ್ಪೊಪ್ಪಿಗೆಯನ್ನು ಓದುಗರ ಮುಂದಿಡುವುದು ನ್ಯಾಯ.

2009ರ ಮಾತು. ಇಂಡಿ ತಾಲೂಕಿನ ಲಾರಿ ಚಾಲಕನೊಬ್ಬ ನಿಂಬೆಹಣ್ಣು ಹೇರಿಕೊಂಡು ಸೊಲ್ಲಾಪುರ, ಪುಣೆ ದಾಟಿ ವಾಶಿಯ ಮಾರುಕಟ್ಟೆಗೆ ಹೊರಟಿದ್ದ. ಲೋಣಾವಳಾ ಸಮೀಪದಲ್ಲಿ ಟೈರು ಬದಲಿಸಲೆಂದು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಇಳಿದಾಗ, ಹಿಂದಿನಿಂದ ಬಂದ ಮತ್ತೊಂದು ಲಾರಿ ಅವನನ್ನು ತನ್ನದೇ ಗಾಡಿಗೆ ಒತ್ತಿಬಿಟ್ಟಿತು. ಎಡಗಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆಯಬೇಕಾಯಿತು. ಆಗ ಅವನಿಗೆ ವಯಸ್ಸು 33. ನಮ್ಮ ಭಾಗದವನೆಂದು ಯಾರೋ ಹೇಳಿ ನನ್ನ ಬಳಿಗೆ ಕಳುಹಿದರು. ನಾನೂ ವಿಜಯಪುರ ಜಿಲ್ಲೆಯವನೇ. ಮಾತು ಕೇಳಿ ಅವನ ಮುಖ ಅರಳಿದ್ದು ನನಗೆ ಈಗಲೂ ನೆನಪಿದೆ. ಪುಣೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದೆ.

ಸರ್ಕಾರಿ ವೈದ್ಯರು ಕೊಟ್ಟ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇಕಡಾ 40 ಎಂದಿತ್ತು. ತಿಂಗಳ ಆದಾಯ 6,000 ರೂಪಾಯಿ ಎಂದು ನ್ಯಾಯಮಂಡಳಿ ಹಿಡಿಯಿತು. ಆ ವಯಸ್ಸಿಗೆ ಗುಣಕ 16. ವರ್ಷದ ಆದಾಯ 72,000ವನ್ನು 16ರಿಂದ ಗುಣಿಸಿದರೆ 11,52,000. ಅದರ ಶೇಕಡಾ 40 ಎಂದರೆ 4,60,800. ನಾನು ಇಷ್ಟನ್ನೇ ಬೇಡಿದೆ. 2012ರಲ್ಲಿ ಹೆಚ್ಚುಕಡಿಮೆ ಇಷ್ಟೇ ಬಂದಿತು. ಲೆಕ್ಕವನ್ನು ಅವನಿಗೆ ತಿಳಿಸಿ ಹೇಳಿದಾಗ ಅವನು ಊರುಗೋಲನ್ನು ಗೋಡೆಗೆ ಒರಗಿಸಿ ಕೇಳಿದ: “ಸಾಹೇಬ್ರ, ನಲವತ್ತ ಪರ್ಸೆಂಟ್ ಅಂತೀರಿ. ಒಂದ ಕಾಲನ್ಯಾಗ ನಾ ಲಾರಿ ಅರವತ್ತ ಪರ್ಸೆಂಟ್ ಹೊಡೀತೀನೇನ್ರಿ?” ನಾನು ನಕ್ಕೆ. ಕಾನೂನೆಂದರೆ ಹೀಗೇ ಇರುತ್ತದಪ್ಪ ಎಂದು ಸಮಾಧಾನ ಹೇಳಿ ಕಳುಹಿಸಿದೆ.

ಕಾನೂನು ಹಾಗಿರಲಿಲ್ಲ. 2014ರಲ್ಲಿ ಒಂದು ಮಧ್ಯಾಹ್ನ ನನ್ನ ಖಟ್ಲೆಯ ಸರದಿ ಕಾಯುತ್ತ ಕುಳಿತಿದ್ದಾಗ, ನನ್ನ ಮಗಳ ವಯಸ್ಸಿನ ನ್ಯಾಯವಾದಿಯೊಬ್ಬಳು ಒಬ್ಬ ಬಡಗಿಯ ಪರವಾಗಿ ವಾದಿಸುತ್ತ ರಾಜಕುಮಾರ್ ವಿರುದ್ಧ ಅಜಯಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪನ್ನು ಓದಿದಳು. ದೇಹದ ವೈಕಲ್ಯ ಬೇರೆ, ದುಡಿಮೆಯ ಶಕ್ತಿಯ ನಷ್ಟ ಬೇರೆ. ವೈದ್ಯನು ಹೇಳುವುದು ಮೊದಲನೆಯದನ್ನು, ನ್ಯಾಯಮಂಡಳಿ ಅಳೆಯಬೇಕಾದದ್ದು ಎರಡನೆಯದನ್ನು. ಎಡಗೈ ಹೋದ ಗುಮಾಸ್ತನ ನೌಕರಿ ಉಳಿಯಬಹುದು; ಎಡಗೈ ಹೋದ ಚಾಲಕನ ಅಥವಾ ಬಡಗಿಯ ನಷ್ಟ ನೂರಕ್ಕೆ ನೂರಾಗಬಹುದು. ತೀರ್ಪಿನ ತಾತ್ಪರ್ಯ ಇದು. ಆ ತೀರ್ಪು ಹೊರಬಿದ್ದದ್ದು 2010ರ ಅಕ್ಟೋಬರಿನಲ್ಲಿ. 2011ರ ಮೊದಲ ಸಂಪುಟದಲ್ಲಿಯೇ ಅಚ್ಚಾಗಿ ಬಂದಿತ್ತು. ನನ್ನ ಚಾಲಕನ ಖಟ್ಲೆ ತೀರ್ಮಾನವಾದದ್ದು 2012ರಲ್ಲಿ. ಅವನು ತನ್ನ ಆಡುಮಾತಿನಲ್ಲಿ ಕೇಳಿದ ಪ್ರಶ್ನೆಯನ್ನೇ ದೇಶದ ಅತ್ಯುಚ್ಚ ನ್ಯಾಯಾಲಯ ಎರಡು ವರ್ಷ ಮುಂಚೆ ಕೇಳಿ, ಉತ್ತರವನ್ನೂ ಕೊಟ್ಟಿತ್ತು. ತಿಳಿಯದಿದ್ದವನು ನಾನೊಬ್ಬನೆ. ನೂರಕ್ಕೆ ನೂರು ಎಂದು ಸಾಧಿಸಿದ್ದರೆ ದೊರೆಯಬಹುದಾಗಿದ್ದ ಹೆಚ್ಚಿನ ಮೊತ್ತ 6,91,200 ರೂಪಾಯಿ. ಇದು ನನ್ನ ಅಜ್ಞಾನದ ಬೆಲೆ, ತೆತ್ತವನು ಅವನು.

ಅವನನ್ನು ಹುಡುಕಿಸಿ ಕರೆಸಿದೆ. ಮೇಲ್ಮನವಿಗೆ ಇರುವ 90 ದಿನಗಳ ಅವಧಿ ಎಂದೋ ಮುಗಿದಿತ್ತು; ವಿಳಂಬವನ್ನು ಮನ್ನಿಸಬೇಕೆಂದು ಉಚ್ಚ ನ್ಯಾಯಾಲಯವನ್ನು ಬೇಡೋಣ, ಖರ್ಚು ನನ್ನದು, ಎಂದೆ. ಅವನು ಒಪ್ಪಲಿಲ್ಲ. “ಸಾಕ್ರಿ ಸಾಹೇಬ್ರ, ತಾರೀಖಿಗೆ ಬಂದ ಬಂದ ಇದ್ದೊಂದ ಕಾಲೂ ಸವದೈತಿ” ಎಂದ. ಆ ಮಾತಿನಲ್ಲಿಯೂ ನನ್ನ ಇನ್ನೊಂದು ಅಪರಾಧ ಅಡಗಿತ್ತು. ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿಯೇ ಹಾಕಬೇಕೆಂದಿಲ್ಲ. ಅರ್ಜಿದಾರನು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿಯೂ ಹಾಕಬಹುದೆಂಬ ಆಯ್ಕೆಯನ್ನು ಮೋಟಾರು ವಾಹನ ಕಾಯ್ದೆಯ 166ನೆಯ ಕಲಮು 1994ರ ತಿದ್ದುಪಡಿಯಿಂದಲೇ ಕೊಟ್ಟಿದೆ. ವಿಜಯಪುರದಲ್ಲಿ ಹಾಕಿದ್ದರೆ ಅವನು ತನ್ನ ಭಾಷೆಯಲ್ಲಿ ಸಾಕ್ಷಿ ನುಡಿದು ಸಂಜೆಗೆ ಮನೆ ಸೇರುತ್ತಿದ್ದ. ಇದು ನನಗೆ ತಿಳಿದಿತ್ತು. ತಿಳಿದೂ ಪುಣೆಯಲ್ಲಿ ಹಾಕಿದೆ, ಏಕೆಂದರೆ ವಿಜಯಪುರದಲ್ಲಿ ಹಾಕಿದರೆ ಖಟ್ಲೆ ಬೇರೆ ವಕೀಲರ ಪಾಲಾಗುತ್ತಿತ್ತು. ಮೊದಲನೆಯದು ಅಜ್ಞಾನ, ಎರಡನೆಯದು ಸ್ವಾರ್ಥ. ನಾನು ಬಯಸುವ ಶಿಕ್ಷಣದಲ್ಲಿ ಇವೆರಡಕ್ಕೂ ಮದ್ದಿರಬೇಕು.

ಇದು ಒಬ್ಬ ಸೋಮಾರಿ ವಕೀಲನ ಕಥೆ, ಎಲ್ಲರೂ ಹಾಗಿಲ್ಲ ಎನ್ನುವವರಿದ್ದಾರೆ. ಸೋಮಾರಿತನ ನನ್ನದೆಂಬುದು ನಿಜ. ಆದರೆ ಈ ಶಾಖೆಯ ಕಾನೂನು ಎಷ್ಟು ವೇಗವಾಗಿ ಚಲಿಸುತ್ತಿದೆ ಎಂಬುದನ್ನು ಒಮ್ಮೆ ಅವಲೋಕಿಸಿ. 2009ರಲ್ಲಿ ಸರಳಾ ವರ್ಮಾ ಪ್ರಕರಣ ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯನ್ನು ಸ್ಥಿರಗೊಳಿಸಿತು. 2017ರ ಅಕ್ಟೋಬರ್ 31ರಂದು ಪ್ರಣಯ್ ಸೇಠಿ ಪ್ರಕರಣದಲ್ಲಿ ಸಂವಿಧಾನ ಪೀಠವು, ಸ್ವಂತ ದುಡಿಮೆಯವನು ತೀರಿಕೊಂಡಾಗಲೂ ಅವನ ಭವಿಷ್ಯದ ಆದಾಯವೃದ್ಧಿಯನ್ನು ಸೇರಿಸಬೇಕೆಂದಿತು: 40 ವರ್ಷದೊಳಗಿನವರಿಗೆ ಶೇಕಡಾ 40, 40ರಿಂದ 50ರವರಿಗೆ 25, 50ರಿಂದ 60ರವರಿಗೆ 10. ಸಂಗಾತಿಯ ಅಗಲಿಕೆಗೆ 40,000 ಎಂದು ನಿಗದಿಪಡಿಸಿ, ಮೂರು ವರ್ಷಕ್ಕೊಮ್ಮೆ ಶೇಕಡಾ 10ರಷ್ಟು ಏರಿಸಬೇಕೆಂದೂ ಹೇಳಿತು. ಅದರಂತೆ ಆ ಮೊತ್ತ 2020ರಲ್ಲಿ 44,000, 2023ರಲ್ಲಿ 48,400 ಆಗಬೇಕು. 2018ರ ಮ್ಯಾಗ್ಮಾ ಪ್ರಕರಣ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೂ, ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗೂ ಅಗಲಿಕೆಯ ಪರಿಹಾರವನ್ನು ವಿಸ್ತರಿಸಿತು. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣ ಮನೆವಾಳ್ತೆಯ ಹೆಣ್ಣಿನ ದುಡಿಮೆಗೂ ಆದಾಯವಿದೆ, ಆ ಆದಾಯಕ್ಕೂ ಭವಿಷ್ಯವಿದೆ ಎಂದಿತು. ಈ ಒಂದೊಂದು ತೀರ್ಪೂ ಒಂದೊಂದು ಮನೆಯ ಒಲೆಯ ಪ್ರಶ್ನೆ. ಆದರೂ ಹತ್ತು ವರ್ಷ ಹಿಂದಿನ ಅರ್ಜಿಯ ನಮೂನೆಯಲ್ಲಿ ಹೆಸರು, ತಾರೀಖು ಬದಲಿಸಿ ಹೊಸ ಅರ್ಜಿ ಹಾಕುವುದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ.

ತೀರ್ಪುಗಳ ಮಾತು ಹಾಗಿರಲಿ, ಕಾಯ್ದೆಯೇ ಬದಲಾಗಿದೆ. 2019ರ ತಿದ್ದುಪಡಿಯ ಪರಿಹಾರ ಸಂಬಂಧದ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿ ಮರಳಿ ಬಂದು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದಾಯಿತು. ತಪ್ಪು ಯಾರದೆಂದು ಸಾಧಿಸದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ 164ನೆಯ ಕಲಮು ಬಂದಿತು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಎಂಬ ಯೋಜನೆ ಬಂದಿತು. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕೆಂಬ ನಿಯಮ ಬಂದಿತು. ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಆದೇಶಿಸಿತು. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದು, ನಮಗೆ ಕಂಠಪಾಠವಾಗಿದ್ದ 304-ಎ ಕಲಮು 106 ಆಯಿತು. 2025ರ ಮೇ ತಿಂಗಳಲ್ಲಿ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆಯ ಯೋಜನೆ ಪ್ರಕಟವಾಯಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಚಾಲಕ, ಕ್ಲೀನರುಗಳು ಆಶ್ರಯಿಸುತ್ತಿದ್ದ 1923ರ ಪರಿಹಾರ ಕಾಯ್ದೆಯ ಸ್ಥಾನವನ್ನು ಅದು ವಹಿಸಿತು.

ಆರು ತಿಂಗಳ ಕಾಲಮಿತಿಯ ವಿಷಯವೊಂದೇ ಸಾಕು, ನನ್ನ ವಾದಕ್ಕೆ. 2022ರ ನಂತರ ಈ ಮಿತಿಯನ್ನು ಅರಿಯದ ವಕೀಲನು ‘ಗಾಯ ಮಾಯಲಿ, ಆಮೇಲೆ ನೋಡೋಣ’ ಎಂದು ಕಕ್ಷಿದಾರನನ್ನು ಊರಿಗೆ ಕಳುಹಿಸಿದರೆ ಅವನ ಹಕ್ಕೇ ಅಪಾಯಕ್ಕೆ ಸಿಕ್ಕುತ್ತದೆ. ಇನ್ನೊಬ್ಬ ವಕೀಲನು ಮಿತಿಯನ್ನು ಅರಿತಿದ್ದಾನೆ. ಏಳನೆಯ ತಿಂಗಳಲ್ಲಿ ಬಂದ ವಿಧವೆಗೆ ‘ಅವಧಿ ಮುಗಿಯಿತು ತಾಯಿ’ ಎಂದು ಹಿಂದಿರುಗಿಸುತ್ತಾನೆ. ಅವನೂ ತಪ್ಪಿದ, ಏಕೆಂದರೆ ಆ ಕಲಮಿನ ಸಿಂಧುತ್ವವೇ ಪ್ರಶ್ನೆಗೆ ಒಳಗಾಗಿ, ಕಾಲಮಿತಿ ಮೀರಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿದೆ. ಒಬ್ಬನು 2022ರಲ್ಲಿ ಓದು ನಿಲ್ಲಿಸಿದ್ದ, ಇನ್ನೊಬ್ಬನು 2024ರಲ್ಲಿ. ಅರ್ಧ ಓದಿದವನ ಧೈರ್ಯ ಏನೂ ಓದದವನ ಅಜ್ಞಾನದಷ್ಟೇ ಅಪಾಯಕರ.

ಹೀಗಿದ್ದೂ, ಈ ದೇಶದಲ್ಲಿ ಒಮ್ಮೆ ಸನ್ನದು ಪಡೆದ ವಕೀಲನು ಮತ್ತೆ ಒಂದು ಪುಟವನ್ನಾದರೂ ಓದಿದನೆ ಎಂದು ಕೇಳುವ ಕಾನೂನು ಇಲ್ಲ. 1961ರ ವಕೀಲರ ಕಾಯ್ದೆಯಲ್ಲಿ ನೋಂದಣಿಗೆ ಮುನ್ನ ತರಬೇತಿ ಪಡೆದು ಪರೀಕ್ಷೆ ಕೊಡಬೇಕೆಂಬ ಷರತ್ತಾದರೂ ಇತ್ತು; 1973ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ವಕೀಲರ ಪರಿಷತ್ತು 1995ರಲ್ಲಿ ಒಂದು ವರ್ಷದ ತರಬೇತಿಯ ನಿಯಮಗಳನ್ನು ರಚಿಸಿದಾಗ, ಅಂತಹ ನಿಯಮ ಮಾಡುವ ಅಧಿಕಾರ ಕಾಯ್ದೆಯಲ್ಲಿಲ್ಲವೆಂದು 1999ರಲ್ಲಿ ಸುಧೀರ್ ಪ್ರಕರಣದಲ್ಲಿ ಅವು ರದ್ದಾದವು. 2010ರಲ್ಲಿ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಗೊತ್ತುಪಡಿಸಲಾಯಿತು. 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಸಂತೋಷ. ಆದರೆ ಅದು ಹೊಸ್ತಿಲಿನ ಪರೀಕ್ಷೆ. ಹೊಸ್ತಿಲು ದಾಟಿ ನಲವತ್ತು ವರ್ಷ ಮನೆಯೊಳಗೆ ಕುಳಿತವನನ್ನು ಎಬ್ಬಿಸುವವರು ಯಾರು? ನಾನು 1983ರಲ್ಲಿ ಸನ್ನದು ಪಡೆದವನು. ನನ್ನನ್ನು ಇಂದಿಗೂ ಯಾರೂ ಏನೂ ಕೇಳಿಲ್ಲ.

ಇತರರನ್ನು ನೋಡಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಗಳು ವೈದ್ಯನು ಐದು ವರ್ಷಕ್ಕೊಮ್ಮೆ ಕನಿಷ್ಠ 30 ಗಂಟೆಗಳ ಮುಂದುವರಿಕೆ ಶಿಕ್ಷಣವನ್ನು ಪೂರೈಸಬೇಕೆಂದವು. ಲೆಕ್ಕಪರಿಶೋಧಕರ ಸಂಸ್ಥೆ ತನ್ನ ಸದಸ್ಯರಿಗೆ ಗಂಟೆಗಳ ಲೆಕ್ಕ ವಿಧಿಸಿದೆ. ನ್ಯಾಯಾಧೀಶರಿಗೆ ಭೋಪಾಲದಲ್ಲಿ ರಾಷ್ಟ್ರೀಯ ಅಕಾಡೆಮಿ, ಮಹಾರಾಷ್ಟ್ರದವರಿಗೆ ಉತ್ತನದಲ್ಲಿ, ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ಅಕಾಡೆಮಿಗಳಿವೆ. ಅಮೆರಿಕದ ಮಿನೆಸೋಟಾ ರಾಜ್ಯ 1975ರಲ್ಲಿಯೇ ವಕೀಲರಿಗೆ ನಿರಂತರ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಗಾಯಾಳುವಿನ ಮೂಳೆ ಕೂಡಿಸುವ ವೈದ್ಯನು ಓದುತ್ತಿರಬೇಕು, ತೀರ್ಪು ಬರೆಯುವ ನ್ಯಾಯಾಧೀಶನು ಓದುತ್ತಿರಬೇಕು, ಇವರಿಬ್ಬರ ನಡುವೆ ನಿಂತು ಆ ಮೂಳೆಯ ಬೆಲೆಯನ್ನು ವಾದಿಸುವ ವಕೀಲನು ಮಾತ್ರ ಓದಬೇಕಾಗಿಲ್ಲ! ಇದು ಯಾವ ನ್ಯಾಯ?

ಇದಕ್ಕೆ ಇನ್ನೊಂದು ಮುಖವಿದೆ. 2024ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಪಿತ್ತಿತು. ನಮ್ಮ ವಕೀಲರ ಸಂಘಗಳಲ್ಲಿ ಅಂದು ಪೇಢೆ ಹಂಚಿದರು, ನಾನೂ ತಿಂದೆ. ವಕೀಲಿಯು ವ್ಯಾಪಾರವಲ್ಲ, ಅದು ವಿಶಿಷ್ಟವಾದ ವೃತ್ತಿ ಎಂಬುದು ಆ ತೀರ್ಪಿನ ಆಧಾರ. ಒಪ್ಪೋಣ. ವಿಶಿಷ್ಟವಾದ ವೃತ್ತಿಯೆಂಬ ಗೌರವ ಬೇಕು, ಆ ವೃತ್ತಿಗೆ ತಕ್ಕ ವ್ಯಾಸಂಗದ ಹೊಣೆ ಬೇಡ ಎಂದರೆ ಹೇಗೆ? ಕೆಟ್ಟ ಕುಕ್ಕರು ಮಾರಿದವನನ್ನು ಗ್ರಾಹಕನು ನ್ಯಾಯದ ಕಟ್ಟೆಗೆ ಎಳೆಯಬಹುದು. ಕೆಟ್ಟ ಅರ್ಜಿ ಬರೆದವನನ್ನು ಅದೇ ಕಟ್ಟೆಗೆ ಎಳೆಯಲಾಗದು. ಪರಿಷತ್ತಿನ ಶಿಸ್ತು ಸಮಿತಿಗೆ ದೂರಬಹುದು, ನಿಜ. ಆದರೆ ಅದು ದುರ್ನಡತೆಯನ್ನು ವಿಚಾರಿಸುವ ಜಾಗ, ಅಜ್ಞಾನವನ್ನು ಅಳೆಯುವ ಜಾಗವಲ್ಲ. ತಪ್ಪಾದ ಮೇಲಿನ ದಾರಿ ಇಷ್ಟು ಕಿರಿದಾಗಿರುವಾಗ, ತಪ್ಪಾಗದಂತೆ ತಡೆಯುವ ದಾರಿಯನ್ನು ಅಗಲಮಾಡುವುದೇ ಉಳಿದಿರುವ ಉಪಾಯ.

ಎದುರುಪಕ್ಷದ ವಾದಗಳನ್ನು ಮುಚ್ಚಿಡಲಾರೆ. ಮೊದಲನೆಯದು: ಅನುಭವವೇ ನಮ್ಮ ಗುರು. ಅನುಭವ ದೊಡ್ಡದು, ಪಾಟೀಸವಾಲಿನ ಕಲೆಯನ್ನು ಪುಸ್ತಕದಿಂದ ಕಲಿಯಲಾಗದು. ಆದರೆ ಮೂವತ್ತು ವರ್ಷ ಒಂದೇ ತಪ್ಪನ್ನು ಮಾಡುವುದಕ್ಕೂ ಜನ ಅನುಭವವೆಂದೇ ಹೆಸರಿಡುತ್ತಾರೆ. ನನ್ನ ಅನುಭವ 2012ರಲ್ಲಿ ನನಗೆ ಕಲಿಸಿದ್ದು ನಗುವುದನ್ನು.

ಎರಡನೆಯದು: ತಾಲೂಕಿನ ಬಡ ವಕೀಲನಿಗೆ ಪುಸ್ತಕ ಕೊಳ್ಳುವ, ಶಿಬಿರಕ್ಕೆ ಹೋಗುವ ಶಕ್ತಿ ಇಲ್ಲ. ಇದು ತೂಕವುಳ್ಳ ಮಾತು. ಆದರೆ 2023ರ ಜನವರಿಯಿಂದ ಸರ್ವೋಚ್ಚ ನ್ಯಾಯಾಲಯವೇ ತನ್ನ ವರದಿಯಾದ ತೀರ್ಪುಗಳನ್ನು ಉಚಿತವಾಗಿ ಗಣಕಜಾಲದಲ್ಲಿ ತೆರೆದಿಟ್ಟಿದೆ. ಅನೇಕ ತೀರ್ಪುಗಳ ಕನ್ನಡ, ಮರಾಠಿ ಅನುವಾದಗಳೂ ಬಂದಿವೆ. ಪುಸ್ತಕವಿಲ್ಲವೆಂಬ ನೆಪ ಸತ್ತಿದೆ. ಉಳಿದದ್ದು ಸ್ಥಳದ ಪ್ರಶ್ನೆ. ವಡಗಾವ್ ಮಾವಳದ, ಇಂಡಿಯ, ಅಕ್ಕಲಕೋಟೆಯ ವಕೀಲರ ಸಂಘಗಳ ಕೋಣೆಗಳಲ್ಲಿ ತಿಂಗಳಿಗೊಂದು ಶನಿವಾರ ಎರಡು ಗಂಟೆ ಕುಳಿತರೆ ಯಾರ ಸಂಸಾರವೂ ಮುಳುಗುವುದಿಲ್ಲ.

ಮೂರನೆಯದು: ಕಡ್ಡಾಯವೆಂದರೆ ವಕೀಲರ ಸ್ವಾತಂತ್ರ್ಯಕ್ಕೆ ಧಕ್ಕೆ. ಸರ್ಕಾರ ಪಾಠ ಹೇಳಿದರೆ ಧಕ್ಕೆಯಾದೀತು. ಆದ್ದರಿಂದಲೇ ಆ ಹೊಣೆಯನ್ನು ವಕೀಲರ ಪರಿಷತ್ತೇ ಹೊರಲಿ, ಅದಕ್ಕೆ ಬೇಕಾದ ಅಧಿಕಾರವನ್ನು ಸಂಸತ್ತು ಕಾಯ್ದೆಯಲ್ಲಿ ಬರೆದುಕೊಡಲಿ ಎನ್ನುತ್ತೇನೆ. ಅಜ್ಞಾನಿಯಾಗಿ ಉಳಿಯುವ ಸ್ವಾತಂತ್ರ್ಯಕ್ಕಾಗಿ ಯಾವ ವಕೀಲನೂ ಸೆರೆಮನೆ ಕಂಡದ್ದನ್ನು ನಾನು ಕೇಳಿಲ್ಲ.

ನಾಲ್ಕನೆಯ ಆಕ್ಷೇಪ ಮಾತ್ರ ನನ್ನನ್ನು ನಿಜವಾಗಿ ಕಾಡುತ್ತದೆ: ಕಡ್ಡಾಯ ಮಾಡಿದರೆ ಅದು ಸಹಿ ಹಾಕಿ ಊಟ ಮಾಡಿ ಬರುವ ಸಮಾರಂಭವಾಗುತ್ತದೆ. ಇದನ್ನು ಲೋಣಾವಳಾದವನಾದ ನಾನು ಹೇಗೆ ಅಲ್ಲಗಳೆಯಲಿ? ಈ ಊರಿನ ವಿಹಾರಧಾಮಗಳಲ್ಲಿ ಶನಿವಾರ, ಭಾನುವಾರ ಒಂದಿಲ್ಲೊಂದು ವೃತ್ತಿಯವರ ಶಿಬಿರ ನಡೆದೇ ಇರುತ್ತದೆ. ಅಂತಹ ಒಂದಕ್ಕೆ ನಾನೂ ಹೋಗಿದ್ದೆ. ಬೆಳಿಗ್ಗೆ ದೀಪ ಬೆಳಗುವುದು, ಶಾಲು ಹೊದಿಸುವುದು, ಹನ್ನೊಂದಕ್ಕೆ ಒಂದು ಉಪನ್ಯಾಸ, ಅದೂ ‘ನ್ಯಾಯದಾನದ ಬದಲಾಗುತ್ತಿರುವ ದಿಗಂತಗಳು’ ಎಂಬಂಥದ್ದು, ಮಧ್ಯಾಹ್ನ ಪುಷ್ಕಳ ಭೋಜನ, ಆಮೇಲೆ ಮಂಜು ನೋಡಲು ಟೈಗರ್ ಪಾಯಿಂಟಿಗೆ ವಾಹನ, ಸಂಜೆ ಪ್ರಮಾಣಪತ್ರ. ಗುಣಕ ಎಂಬ ಪದ ಇಡೀ ದಿನ ಕಿವಿಗೆ ಬೀಳಲಿಲ್ಲ. ಶಿಬಿರದ ಕಿಟಕಿಯಿಂದ ಕೆಳಗೆ ದ್ರುತಗತಿ ಮಾರ್ಗದ ಲಾರಿಗಳ ಸಾಲು ಕಾಣುತ್ತಿತ್ತು.

ಆದ್ದರಿಂದ ಗಂಟೆಗಳ ಎಣಿಕೆಯನ್ನು ನಾನು ಬೇಡುತ್ತಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳಿಗೆ ವರ್ಷಕ್ಕೆ 16 ಗಂಟೆ ಎಂಬ ನಿಯಮವಿದ್ದು, 2016ರ ನವೆಂಬರ್ 1ರಿಂದ ಅದನ್ನು ಕೈಬಿಟ್ಟರು. ಗಂಟೆ ತುಂಬಿಸುವ ಬದಲು, ತನ್ನ ಕೆಲಸದಲ್ಲಿ ಏನು ಕೊರತೆಯಿದೆ, ಅದನ್ನು ಹೇಗೆ ತುಂಬಿಕೊಂಡೆ ಎಂಬುದನ್ನು ಪ್ರತಿಯೊಬ್ಬನೂ ಆಲೋಚಿಸಿ ವರ್ಷಕ್ಕೊಮ್ಮೆ ಘೋಷಿಸಬೇಕೆಂದರು. ನಮ್ಮಲ್ಲಿಯೂ ಕೆಲಸದಿಂದಲೇ ಪಾಠ ಹುಟ್ಟಲಿ. ಒಂದು ನಿಜವಾದ ತೀರ್ಪನ್ನು, ಹೆಸರು ಮರೆಮಾಡಿ, ಮೇಜಿನ ಮೇಲಿಡಿ. ಪರಿಹಾರದ ಲೆಕ್ಕವನ್ನು ಎಲ್ಲರೂ ಪೆನ್ಸಿಲು ಹಿಡಿದು ಮಾಡಲಿ. ಎಲ್ಲಿ ಎಷ್ಟು ಸೋರಿತು ಎಂದು ಹುಡುಕಲಿ. ಮೂಳೆತಜ್ಞನೊಬ್ಬನನ್ನು ಕರೆಸಿ, ಒಂದು ಕಾಲಿನ ವೈಕಲ್ಯದ ಪ್ರಮಾಣಕ್ಕೂ ಇಡೀ ದೇಹದ ವೈಕಲ್ಯದ ಪ್ರಮಾಣಕ್ಕೂ ಇರುವ ವ್ಯತ್ಯಾಸವನ್ನು ಕೇಳಿ ತಿಳಿಯಲಿ. ಲೋಕ ಅದಾಲತ್ತಿನಲ್ಲಿ ರಾಜಿಗೆ ಒಪ್ಪುವ ಮುನ್ನ ಮಾಡಬೇಕಾದ ಲೆಕ್ಕವನ್ನು ಕಲಿಯಲಿ. ಏಕೆಂದರೆ ಅಲ್ಲಿಯ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಓದದ ವಕೀಲನು ಅರ್ಧಬೆಲೆಗೆ ಒಪ್ಪಿಸಿದ ರಾಜಿ ಕಲ್ಲಿನ ಮೇಲೆ ಕೊರೆದ ಬರಹವಾಗುತ್ತದೆ.

ಇದರೊಂದಿಗೆ ನೀತಿಯ ಪಾಠವೂ ಬೇಕು. ಫಲಿತಾಂಶವನ್ನು ಅವಲಂಬಿಸಿ ಶುಲ್ಕ ಗೊತ್ತುಮಾಡುವುದನ್ನೂ ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹೀಗಿದ್ದೂ ಆಸ್ಪತ್ರೆಯ ಬಾಗಿಲಲ್ಲಿ ದಲ್ಲಾಳಿ ನಿಂತಿರುವುದು, ಶೇಕಡಾವಾರು ಮಾತು ನಡೆಯುವುದು ನಮಗಾರಿಗೂ ಹೊಸದಲ್ಲ. 2021ರಲ್ಲಿ ಉತ್ತರ ಪ್ರದೇಶದ ಸುಳ್ಳು ಅಪಘಾತ ಖಟ್ಲೆಗಳ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, ವಕೀಲರ ಮೇಲೆಯೇ ಕ್ರಮ ಜರುಗಿದಾಗ, ತಲೆತಗ್ಗಿಸಬೇಕಾದದ್ದು ಇಡೀ ವೃತ್ತಿ. ಸುಳ್ಳು ಅರ್ಜಿಗಳ ಹೆಸರು ಹೇಳಿ ವಿಮಾ ಕಂಪನಿಗಳು ನಿಜವಾದ ಗಾಯಾಳುವನ್ನೂ ಸಂಶಯದಿಂದ ನೋಡುತ್ತವೆ. ಕಳ್ಳನ ದೆಸೆಯಿಂದ ಸಾಚಾ ಮನುಷ್ಯನಿಗೆ ಪೆಟ್ಟು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಮುಂಬಯಿ-ಪುಣೆ ದ್ರುತಗತಿ ಮಾರ್ಗ 2002ರಲ್ಲಿ ಪೂರ್ಣವಾಗಿ ತೆರೆದಾಗಿನಿಂದ ಅದರ ಆಚೀಚೆ ಕನ್ನಡಿಗರು ಎಷ್ಟು ಬಗೆಯಲ್ಲಿ ಬದುಕುತ್ತಿದ್ದಾರೆ! ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುವವರು, ತಾಂಡಾಗಳಿಂದ ಬಂದು ರಸ್ತೆಯ ಕೆಲಸದಲ್ಲಿರುವ ಲಂಬಾಣಿ ಬಂಧುಗಳು, ಉಡುಪಿ ಹೋಟೆಲುಗಳ ಹುಡುಗರು, ಲಾರಿಯವರು. ಅಪಘಾತವಾದಾಗ ಇವರಿಗೆ ಸಿಕ್ಕುವ ಕಾಗದಗಳು ಮರಾಠಿಯಲ್ಲಿ, ಆಸ್ಪತ್ರೆಯ ದಾಖಲೆ ಇಂಗ್ಲಿಷಿನಲ್ಲಿ, ದುಃಖ ಮಾತ್ರ ಕನ್ನಡದಲ್ಲಿ. ಅದರ ಮೇಲೆ ಘಟ್ಟದ ಗಡಿಯ ಗೊಂದಲ: ಖಂಡಾಳದ ಮೇಲೆ ಆದರೆ ಪುಣೆ ಜಿಲ್ಲೆ, ಕೆಲವು ಕಿಲೋಮೀಟರು ಕೆಳಗಿಳಿದು ಖೋಪೋಲಿಯತ್ತ ಆದರೆ ರಾಯಗಡ ಜಿಲ್ಲೆ. ಊರಿನ ನ್ಯಾಯಮಂಡಳಿಯ ಆಯ್ಕೆ ಇದೆಯೆಂದು ಇವರಿಗೆ ಹೇಳುವವರಾರು? ನನ್ನಂಥ ವಕೀಲ ಹೇಳಲಿಲ್ಲ.

ಮರಾಠಿ ಭಾಷೆಯ ಮೇಲೆ ನನಗೆ ದೂರಿಲ್ಲ. ಅನ್ನವಿತ್ತ ನೆಲದ ಭಾಷೆ ಅದು. ಅದರಲ್ಲಿ ವಾದಿಸಿಯೇ ನನ್ನ ಮಕ್ಕಳನ್ನು ಓದಿಸಿದೆ. ದೂರಿರುವುದು ನಮ್ಮ ಸಂಘಗಳ ಮೇಲೆ. ರಾಜ್ಯೋತ್ಸವಕ್ಕೆ ಊರಿಂದ ಕಲಾವಿದರನ್ನು ಕರೆಸುತ್ತೇವೆ, ಯಕ್ಷಗಾನ ಆಡಿಸುತ್ತೇವೆ, ದಾಸವಾಣಿ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಎಲ್ಲವೂ ಬೇಕು. ಆದರೆ ಘಟ್ಟದಲ್ಲಿ ಕಾಲು ಕಳೆದುಕೊಂಡ ಇಂಡಿಯ ಚಾಲಕ ನಮ್ಮ ಸಭಾಂಗಣದ ಬಾಗಿಲನ್ನು ಎಂದಾದರೂ ದಾಟಿದ್ದಾನೆಯೆ? ಕನ್ನಡವೆಂದರೆ ಹಾಡಷ್ಟೇ ಅಲ್ಲ, ಪಾಟೀಸವಾಲಿನಲ್ಲಿ ಅರ್ಥವಾಗದೆ ತಲೆಯಾಡಿಸಿದ ಒಂದು ಬಡ ಸಾಕ್ಷಿಯ ಮೌನವೂ ಕನ್ನಡವೇ.

ಸಂಘಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಕನ್ನಡ ಬಲ್ಲ ವಕೀಲರು ಪುಣೆ, ಮುಂಬಯಿ, ಸೊಲ್ಲಾಪುರಗಳಲ್ಲಿ ಅನೇಕರಿದ್ದಾರೆ. ಅವರನ್ನೂ ವಿಜಯಪುರ, ಕಲಬುರಗಿಗಳ ವಕೀಲರನ್ನೂ ವರ್ಷಕ್ಕೆ ಎರಡು ಸಲ ಒಂದೇ ಕೋಣೆಯಲ್ಲಿ ಕೂಡಿಸಿ, ಮೇಲೆ ಹೇಳಿದಂತೆ ತೀರ್ಪನ್ನು ಮೇಜಿನ ಮೇಲಿಟ್ಟು ಓದಿಸಲಿ. ಕಾಯ್ದೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಸ್ವಂತ ಇಚ್ಛೆಯಿಂದ ಓದುವವರ ಪಟ್ಟಿಯೊಂದನ್ನು ಸಂಘ ಇಟ್ಟುಕೊಳ್ಳಲಿ. ಪೊಲೀಸು ವರದಿಯ ಪ್ರತಿಯನ್ನು ಕೇಳಿ ಪಡೆಯುವುದು, ಆಸ್ಪತ್ರೆಯ ಪ್ರತಿಯೊಂದು ಚೀಟಿಯನ್ನು ಕಾಪಾಡುವುದು, ಆದಾಯದ ಪುರಾವೆಯಿಡುವುದು, ಇವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚುಮಾಡಿ ಲಾರಿ ನಿಲ್ದಾಣಗಳಲ್ಲಿ, ಹೋಟೆಲುಗಳಲ್ಲಿ ಹಂಚಲಿ.

ಓದುಗ ಬಂಧುಗಳಿಗೂ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ಇಂತಹ ಕೇಡು ಸಂಭವಿಸದಿರಲಿ. ಸಂಭವಿಸಿದರೆ, ವಕೀಲರ ಮುಂದೆ ಕೈಕಟ್ಟಿ ನಿಲ್ಲಬೇಡಿ; ನಾಲ್ಕು ಪ್ರಶ್ನೆಗಳನ್ನು ಕೇಳಿ. ಅರ್ಜಿಯನ್ನು ಯಾವ ಊರಿನಲ್ಲಿ ಹಾಕುತ್ತೀರಿ, ಏಕೆ? ಆರು ತಿಂಗಳ ಮಿತಿಯ ಇಂದಿನ ಸ್ಥಿತಿ ಏನು? ವೈದ್ಯರು ಹೇಳಿದ ಶೇಕಡಾವಾರಿಗೂ ನನ್ನ ದುಡಿಮೆಯ ನಷ್ಟಕ್ಕೂ ಏನು ಸಂಬಂಧ? ಪರಿಹಾರದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುತ್ತೀರಾ? ಓದಿದ ವಕೀಲನು ಸಂತೋಷದಿಂದ ಉತ್ತರಿಸುತ್ತಾನೆ. ಸಿಟ್ಟಾದರೆ, ಎದ್ದು ಬನ್ನಿ.

ನನ್ನ ಸಹೋದ್ಯೋಗಿಗಳು ಈ ಲೇಖನವನ್ನು ಓದಿ ಬೇಸರಿಸಿಕೊಳ್ಳಬಹುದು. ಮನೆಯ ಮಾತನ್ನು ಬೀದಿಗೆ ತಂದನೆಂದು ಜರೆಯಬಹುದು. ಜರೆಯಲಿ. ನಾನು ಈಗ ಖಟ್ಲೆಗಳನ್ನು ಕಡಿಮೆಮಾಡಿದ್ದೇನೆ. ಪ್ರತಿ ಶನಿವಾರ ಬೆಳಿಗ್ಗೆ ನನ್ನ ಹೊರಕೋಣೆಯಲ್ಲಿ ಇಬ್ಬರು ಮೂವರು ಕಿರಿಯ ವಕೀಲರು ಬಂದು ಕೂರುತ್ತಾರೆ. ಅವರಿಗೆ ನಾನು ಕೊಡುವ ಮೊದಲ ಪಾಠ 2012ರ ಆ ಲೆಕ್ಕ. 4,60,800ರ ಕೆಳಗೆ ಗೆರೆ ಎಳೆದು, ಇಲ್ಲಿ ತಪ್ಪೇನು ಹುಡುಕಿ ಎನ್ನುತ್ತೇನೆ. ಕೆಲವರು ಹತ್ತು ನಿಮಿಷದಲ್ಲಿ ಹುಡುಕುತ್ತಾರೆ, ಕೆಲವರಿಗೆ ಒಂದು ಗಂಟೆ ಬೇಕಾಗುತ್ತದೆ. ನನಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಮೇಲ್ಮನವಿಯ ಅವಧಿ ಮುಗಿದಿತ್ತು.